ಪ್ರೋಟೀನಿನ ಸುರುಳಿ ಬಿಡಿಸಿದವರು

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳು ಒಂದರ ಹಿಂದೊಂದು ಕೂಡಿಕೊಂಡ ಉದ್ದನೆಯ ಸರಪಳಿ. ಒಂದು ಅಮೈನೋ ಆಮ್ಲದ ಇಂಗಾಲ ಮುಂದಿನ ಅಮೈನೋ ಆಮ್ಲದ ಸಾರಜನಕಕ್ಕೆ ಸೇರುವ ಕೊಂಡಿಗೆ ಪೆಪ್ಟೈಡ್ ಬಂಧವೆಂದು ಹೆಸರು. 1902ರಲ್ಲಿ ಕಾರ್ಲ್ಸ್‌ಬಾದ್ ಪಟ್ಟಣದಲ್ಲಿ ಸೇರಿದ್ದ ಜರ್ಮನ್ ವಿಜ್ಞಾನಿಗಳ ಸಮಾವೇಶದಲ್ಲಿ ಫ್ರಾಂಜ್ ಹೊಫ್‌ಮೈಸ್ಟರ್ ಮತ್ತು ಎಮಿಲ್ ಫಿಷರ್ ಒಂದೇ ದಿನ, ಬೇರೆ ಬೇರೆಯಾಗಿ, ಈ ಕೊಂಡಿಯನ್ನು ಪ್ರತಿಪಾದಿಸಿದರು. ಪ್ರೋಟೀನ್ ಒಂದು ಸರಪಳಿ ಎಂಬ ವಿಚಾರ ಹೀಗೆ ಇಪ್ಪತ್ತನೆಯ ಶತಮಾನದ ಆರಂಭಕ್ಕೇ ಬಂತು. ಆ ಸರಪಳಿ ಯಾವ ಆಕಾರದಲ್ಲಿ ಮಡಚಿಕೊಂಡಿರುತ್ತದೆ ಎಂದು ತಿಳಿಯಲು ಮಾತ್ರ ಇನ್ನೂ ಅರ್ಧ ಶತಮಾನ ಹಿಡಿಯಿತು. ಕೂದಲು, ಉಗುರು, ರೇಷ್ಮೆ, ಸ್ನಾಯು, ರಕ್ತದ ಹೀಮೋಗ್ಲೋಬಿನ್ ಇವೆಲ್ಲ ಬಹುಮಟ್ಟಿಗೆ ಅದೇ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿಂದ ಆದವು. ಆದರೂ ಒಂದು ಗಡುಸು, ಇನ್ನೊಂದು ನಯ, ಮತ್ತೊಂದು ನೀರಿನಲ್ಲಿ ಕರಗುವಂಥದ್ದು. ಈ ವ್ಯತ್ಯಾಸದ ಗುಟ್ಟು ಮಡಿಕೆಯಲ್ಲಿರಬೇಕು ಎಂಬ ಅನುಮಾನ ಹಲವರಿಗಿತ್ತು, ಆದರೆ ಆ ಮಡಿಕೆಯನ್ನು ಕಂಡವರು ಇರಲಿಲ್ಲ.

ಕಾಣುವ ಉಪಾಯ ಕ್ಷ-ಕಿರಣಗಳಿಂದ ಬಂತು. ಸ್ಫಟಿಕದೊಳಗೆ ಸಾಲುಗಟ್ಟಿ ನಿಂತ ಪರಮಾಣುಗಳ ನಡುವೆ ಹಾದುಬಂದ ಕ್ಷ-ಕಿರಣ ಛಾಯಾಚಿತ್ರದ ಹಾಳೆಯ ಮೇಲೆ ಚುಕ್ಕೆಗಳನ್ನು ಮೂಡಿಸುತ್ತದೆ ಎಂಬುದನ್ನು 1912ರಲ್ಲಿ ಮ್ಯಾಕ್ಸ್ ಫಾನ್ ಲಾವೆ ಮತ್ತು ಅವನ ಸಂಗಡಿಗರು ತೋರಿಸಿದರು. ಆ ಚುಕ್ಕೆಗಳ ಸ್ಥಾನದಿಂದ ಪರಮಾಣುಗಳ ಅಂತರವನ್ನು ಲೆಕ್ಕ ಹಾಕುವ ದಾರಿಯನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ ಬ್ರ್ಯಾಗ್ ಮತ್ತು ಅವನ ಮಗ ಲಾರೆನ್ಸ್ ಬ್ರ್ಯಾಗ್ ಕಂಡುಹಿಡಿದರು. 1915ರ ನೊಬೆಲ್ ಪ್ರಶಸ್ತಿ ತಂದೆ ಮಕ್ಕಳಿಬ್ಬರಿಗೂ ಬಂದಾಗ ಮಗನಿಗೆ ಇಪ್ಪತ್ತೈದೇ ವರ್ಷ. ಈ ಅಂತರಗಳನ್ನು ಅಳೆಯುವ ಮಾನ ಆಂಗ್‌ಸ್ಟ್ರಾಂ, ಅಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಮುಂದಿನ ಕಥೆಯಲ್ಲಿ ದೊಡ್ಡ ವಿಜ್ಞಾನಿಗಳು ದಾರಿ ತಪ್ಪಿದ್ದು ಈ ಮಾನದ ಮೂರರಲ್ಲೊಂದು ಭಾಗದಷ್ಟೂ ಇಲ್ಲದ ವ್ಯತ್ಯಾಸದಿಂದ.

1928ರಲ್ಲಿ ವಿಲಿಯಂ ಆಸ್ಟ್‌ಬರಿ ಎಂಬ ಭೌತವಿಜ್ಞಾನಿ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಬಂದ. ಲೀಡ್ಸ್ ಉಣ್ಣೆ ಗಿರಣಿಗಳ ಊರು. ಅಲ್ಲಿಯ ಜವಳಿ ಉದ್ಯಮಕ್ಕೆ ಉಣ್ಣೆಯ ಎಳೆ ಏಕೆ ಹಿಗ್ಗುತ್ತದೆ, ಬಿಟ್ಟರೆ ಏಕೆ ಮತ್ತೆ ಕುಗ್ಗುತ್ತದೆ ಎಂಬುದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಆಸ್ಟ್‌ಬರಿ ಉಣ್ಣೆಯ ಎಳೆಗಳ ಕ್ಷ-ಕಿರಣ ಚಿತ್ರ ತೆಗೆದ. ಬಳಿಕ ಅದೇ ಎಳೆಗಳನ್ನು ಹಬೆಯಲ್ಲಿ ಹದಮಾಡಿ, ಹೆಚ್ಚುಕಡಿಮೆ ಎರಡರಷ್ಟು ಉದ್ದಕ್ಕೆ ಎಳೆದು ಇನ್ನೊಂದು ಚಿತ್ರ ತೆಗೆದ. ಎರಡು ಚಿತ್ರಗಳೂ ಬೇರೆಬೇರೆಯಾಗಿದ್ದವು. ಎಳೆಯದ ಉಣ್ಣೆಯ ಚಿತ್ರದಲ್ಲಿ ಎಳೆಯ ಉದ್ದಕ್ಕೂ 5.1 ಆಂಗ್‌ಸ್ಟ್ರಾಂಗೆ ಒಮ್ಮೆ ಏನೋ ಮರುಕಳಿಸುತ್ತಿರುವ ಗುರುತು ಇತ್ತು. ಎಳೆದ ಉಣ್ಣೆಯಲ್ಲಿ ಅದು ಮಾಯವಾಗಿ ಸುಮಾರು 3.3 ಆಂಗ್‌ಸ್ಟ್ರಾಂನ ಗುರುತು ಕಾಣಿಸಿಕೊಂಡಿತು. ಮೊದಲನೆಯ ರೂಪಕ್ಕೆ ಆಲ್ಫಾ, ಎರಡನೆಯದಕ್ಕೆ ಬೀಟಾ ಎಂದು ಆತ ಹೆಸರಿಟ್ಟ. ಆಲ್ಫಾದಲ್ಲಿ ಸರಪಳಿ ಮಡಚಿಕೊಂಡಿದೆ, ಬೀಟಾದಲ್ಲಿ ಬಿಚ್ಚಿಕೊಂಡಿದೆ ಎಂಬ ಆತನ ಊಹೆ ಸರಿಯಾಗಿತ್ತು. ಮಡಿಕೆಯ ವಿವರಕ್ಕೆ ಆತ ಕೊಟ್ಟ ಮಾದರಿ ಸರಿಯಿರಲಿಲ್ಲ. ಅದರಲ್ಲಿ ಪರಮಾಣುಗಳಿಗೆ ಇರಲು ಜಾಗವೇ ಸಾಲದು ಎಂದು ಹಾನ್ಸ್ ನ್ಯೂರಾತ್ 1940ರಲ್ಲಿ ಲೆಕ್ಕ ಹಾಕಿ ತೋರಿಸಿದ.

ಆಸ್ಟ್‌ಬರಿಯ ಉತ್ಸಾಹ ಉಣ್ಣೆಗೆ ಮುಗಿಯಲಿಲ್ಲ. ಬೇಯಿಸಿದ ಮೊಟ್ಟೆಯ ಬಿಳಿಯನ್ನು ಎಳೆದರೆ ಅದರಲ್ಲೂ ಬೀಟಾ ಗುರುತುಗಳು ಕಾಣುತ್ತವೆ, ಆದರೆ ಸರಪಳಿಗಳು ಎಳೆತದ ದಿಕ್ಕಿಗೆ ಅಡ್ಡಲಾಗಿ ನಿಂತಿವೆ ಎಂದು ಆತ 1935ರಲ್ಲಿ ವರದಿ ಮಾಡಿದ. ಆಗ ಯಾರೂ ಹೆಚ್ಚು ಲಕ್ಷ್ಯ ಕೊಡದ ಈ ಗಮನಿಕೆಗೆ ಮುಂದೆ ಬಹಳ ಬೆಲೆ ಬಂತು. ಕಾಳಿನ ಪ್ರೋಟೀನನ್ನು ಬಿಚ್ಚಿ ನೂಲಾಗಿಸಬಹುದು ಎಂಬ ಆತನ ವಿಚಾರದಿಂದ ಕಡಲೆಕಾಯಿಯ ಪ್ರೋಟೀನಿನಿಂದ ತೆಗೆದ ಆರ್ಡಿಲ್ ಎಂಬ ಬಟ್ಟೆಯ ನೂಲು ಬ್ರಿಟನ್ನಿನಲ್ಲಿ ತಯಾರಾಯಿತು. ಆ ಬಟ್ಟೆಯ ಓವರ್‌ಕೋಟನ್ನು ಆಸ್ಟ್‌ಬರಿ ಹೆಮ್ಮೆಯಿಂದ ತೊಡುತ್ತಿದ್ದ. ಅವನ ಮಾದರಿ ಬಿದ್ದುಹೋದರೂ ಅವನಿಟ್ಟ ಆಲ್ಫಾ, ಬೀಟಾ ಹೆಸರುಗಳು ಉಳಿದವು. ಅವನು ಅಳೆದ 5.1 ಎಂಬ ಅಂಕಿಯೂ ಉಳಿಯಿತು. ಮುಂದಿನ ಇಪ್ಪತ್ತು ವರ್ಷ ಪ್ರೋಟೀನಿನ ಆಕಾರ ಹುಡುಕಿದವರೆಲ್ಲ ತಮ್ಮ ಮಾದರಿ ಈ ಅಂಕಿಗೆ ಹೊಂದಲೇಬೇಕು ಎಂದು ನಂಬಿದ್ದರು.

ಆ ಕಾಲಕ್ಕೆ ಸರಪಳಿಯ ವಿಚಾರದಲ್ಲೇ ಎಲ್ಲರಿಗೂ ಒಮ್ಮತವಿರಲಿಲ್ಲ. ಗಣಿತಜ್ಞೆ ಡೊರೋಥಿ ರಿಂಚ್ ಪ್ರೋಟೀನುಗಳು ಷಟ್ಕೋನಗಳಿಂದ ಹೆಣೆದ ಜಾಲಗಳು ಎಂಬ ಸೈಕ್ಲಾಲ್ ವಾದವನ್ನು 1936ರಿಂದ ಮಂಡಿಸಿದಳು. ನೊಬೆಲ್ ವಿಜೇತ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಅದರ ಬೆನ್ನಿಗೆ ನಿಂತ. ಈ ವಾದವನ್ನು 1939ರಲ್ಲಿ ಕಟುವಾಗಿ ಖಂಡಿಸಿದವರು ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಕಾರ್ಲ್ ನೀಮನ್. ಇನ್ನೊಂದು ಕಡೆ, 1934ರಲ್ಲಿ ಜೆ. ಡಿ. ಬರ್ನಾಲ್ ಮತ್ತು ಡೊರೋಥಿ ಕ್ರೋಫುಟ್ ಪೆಪ್ಸಿನ್ ಸ್ಫಟಿಕವನ್ನು ಒಣಗಲು ಬಿಡದೆ, ಅದು ಬೆಳೆದ ದ್ರವದಲ್ಲೇ ಇಟ್ಟು ಕ್ಷ-ಕಿರಣ ಹಾಯಿಸಿದಾಗ ಸ್ಪಷ್ಟವಾದ ಚುಕ್ಕೆಗಳು ಸಿಕ್ಕವು. ಪ್ರೋಟೀನಿಗೆ ಖಚಿತವಾದ ಆಕಾರವಿದೆ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಚುಕ್ಕೆಗಳಿಂದ ಆಕಾರಕ್ಕೆ ಹೋಗುವ ಗಣಿತ ಮಾತ್ರ ಇನ್ನೂ ಇರಲಿಲ್ಲ.

ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಯಲ್ಲಿದ್ದ ಪಾಲಿಂಗ್ ಮೂಲತಃ ರಸಾಯನ ಬಂಧಗಳ ಸ್ವಭಾವವನ್ನು ಅರೆದು ಕುಡಿದವನು. 1936ರಲ್ಲಿ ಆಲ್‌ಫ್ರೆಡ್ ಮಿರ್ಸ್ಕಿಯ ಜೊತೆ ಬರೆದ ಪ್ರಬಂಧದಲ್ಲಿ ಆತ ಒಂದು ಮಾತು ಹೇಳಿದ್ದ: ಪ್ರೋಟೀನನ್ನು ಅದರ ಆಕಾರದಲ್ಲಿ ಹಿಡಿದಿಡುವುದು ಹೈಡ್ರೋಜನ್ ಬಂಧಗಳು, ಬಿಸಿ ಮಾಡಿದಾಗ ಅವು ಕಡಿದು ಪ್ರೋಟೀನ್ ತನ್ನ ಗುಣ ಕಳೆದುಕೊಳ್ಳುತ್ತದೆ. ಒಂದು ಕೊಂಡಿಯ ಸಾರಜನಕಕ್ಕೆ ಅಂಟಿದ ಹೈಡ್ರೋಜನ್ ಇನ್ನೊಂದು ಕೊಂಡಿಯ ಆಮ್ಲಜನಕದತ್ತ ಸೆಳೆಯಲ್ಪಡುವುದೇ ಈ ಬಂಧ. ಒಂಟಿಯಾಗಿ ಅದು ದುರ್ಬಲ, ನೂರಾರು ಸೇರಿದರೆ ಬಲವಾದದ್ದು. 1937ರ ಬೇಸಿಗೆಯಲ್ಲಿ ಪಾಲಿಂಗ್ ಈ ತಿಳಿವಳಿಕೆಯನ್ನು ಹಿಡಿದು ಆಲ್ಫಾ ರೂಪದ ಮಡಿಕೆಯನ್ನು ಬಿಡಿಸಲು ಕುಳಿತ. 5.1ಕ್ಕೆ ಹೊಂದುವ ಯಾವ ಮಡಿಕೆಯೂ ಸಿಗಲಿಲ್ಲ. ತನಗೆ ಅಮೈನೋ ಆಮ್ಲಗಳ ಅಳತೆಗಳೇ ಸರಿಯಾಗಿ ತಿಳಿದಿಲ್ಲವೇನೋ ಎಂದುಕೊಂಡು ಆ ಕೆಲಸವನ್ನು ಬದಿಗಿಟ್ಟ.

ಬದಿಗಿಟ್ಟ ಮೇಲೆ ನಡೆದ ಕೆಲಸವೇ ಮುಂದಿನ ಗೆಲುವಿಗೆ ಅಡಿಪಾಯ. ಅದೇ ವರ್ಷ ಕ್ಯಾಲ್ಟೆಕ್‌ಗೆ ಬಂದ ರಾಬರ್ಟ್ ಕೋರಿ ಮಿತಭಾಷಿ, ಅಳತೆಯಲ್ಲಿ ಕಟ್ಟುನಿಟ್ಟಿನವನು. ದೊಡ್ಡ ಪ್ರೋಟೀನುಗಳನ್ನು ಬಿಟ್ಟು ಸಣ್ಣ ಅಣುಗಳನ್ನು ಅಳೆಯೋಣ ಎಂಬುದು ಇಬ್ಬರ ತೀರ್ಮಾನ. 1938ರಲ್ಲಿ ಡೈಕೀಟೋಪಿಪರಜೀನ್, 1939ರಲ್ಲಿ ಗ್ಲೈಸೀನ್, ಮುಂದೆ ಅಲನೀನ್, ಹೀಗೆ ಒಂದೊಂದೇ ಸ್ಫಟಿಕದ ಬಂಧಗಳ ಉದ್ದ ಮತ್ತು ಕೋನಗಳು ಖಚಿತವಾದವು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಂದೊಂದಕ್ಕೂ ತಿಂಗಳುಗಟ್ಟಲೆ ಲೆಕ್ಕ ಹಿಡಿಯುತ್ತಿತ್ತು. ಈ ಅಳತೆಗಳಿಂದ ಗಟ್ಟಿಯಾದ ಒಂದು ಸತ್ಯ ಎಲ್ಲಕ್ಕಿಂತ ಮುಖ್ಯ: ಪೆಪ್ಟೈಡ್ ಬಂಧದ ಇಂಗಾಲ-ಸಾರಜನಕದ ಅಂತರ ಸುಮಾರು 1.32 ಆಂಗ್‌ಸ್ಟ್ರಾಂ. ಮಾಮೂಲಿ ಏಕಬಂಧವಾಗಿದ್ದರೆ ಅದು 1.47ರ ಆಸುಪಾಸಿನಲ್ಲಿರಬೇಕಿತ್ತು. ಬಂಧ ಇಷ್ಟು ಗಿಡ್ಡವಾಗಿದೆ ಎಂದರೆ ಅದಕ್ಕೆ ದ್ವಿಬಂಧದ ಗುಣ ಸ್ವಲ್ಪ ಬೆರೆತಿದೆ ಎಂದರ್ಥ. ದ್ವಿಬಂಧದ ಸುತ್ತ ಪರಮಾಣುಗಳು ಸಲೀಸಾಗಿ ತಿರುಗಲಾರವು. ಹಾಗಾಗಿ ಪೆಪ್ಟೈಡ್ ಕೊಂಡಿಯ ಆರು ಪರಮಾಣುಗಳೂ ಒಂದೇ ಸಮತಲದಲ್ಲಿ ಚಪ್ಪಟೆಯಾಗಿ ಕೂರಬೇಕು. ಸರಪಳಿ ಎಲ್ಲೆಂದರಲ್ಲಿ ಬಾಗುವಂತಿಲ್ಲ. ಎರಡು ಚಪ್ಪಟೆ ಕೊಂಡಿಗಳ ನಡುವಿನ ಇಂಗಾಲದ ಬಳಿ ಮಾತ್ರ ತಿರುಗಬಹುದು. ಅಸಂಖ್ಯ ಎನ್ನಿಸುತ್ತಿದ್ದ ಆಕಾರಗಳ ರಾಶಿ ಈ ಒಂದು ನಿರ್ಬಂಧದಿಂದ ಕರಗಿಹೋಯಿತು.

1948ರ ವಸಂತದಲ್ಲಿ ಪಾಲಿಂಗ್ ಅತಿಥಿ ಪ್ರಾಧ್ಯಾಪಕನಾಗಿ ಆಕ್ಸ್‌ಫರ್ಡ್‌ನಲ್ಲಿದ್ದ. ಅಲ್ಲಿಯ ಚಳಿಗೆ ನೆಗಡಿಯಾಗಿ ಹಾಸಿಗೆ ಹಿಡಿದ. ಮೊದಲು ಪತ್ತೇದಾರಿ ಕಾದಂಬರಿಗಳನ್ನು ಓದಿ, ಅವೂ ಬೇಸರವಾಗಿ, ಹೆಂಡತಿ ಏವಾ ಹೆಲೆನ್‌ಳಿಂದ ಕಾಗದ, ಪೆನ್ಸಿಲು, ಅಳತೆಪಟ್ಟಿ ತರಿಸಿಕೊಂಡ. ಕಾಗದದ ಮೇಲೆ ಪೆಪ್ಟೈಡ್ ಸರಪಳಿಯನ್ನು ನೆನಪಿನಲ್ಲಿದ್ದ ಅಳತೆಗಳಿಗೆ ತಕ್ಕಂತೆ ನೀಟಾಗಿ ಎಳೆದ. ನಡುವಿನ ಇಂಗಾಲ ಪರಮಾಣುಗಳ ಮೂಲಕ ಹಾಯುವ ಓರೆ ಗೆರೆಗಳ ಗುಂಟ ಕಾಗದವನ್ನು ಮಡಚಿದ. ಪ್ರತಿ ಮಡಿಕೆಯೂ ಒಂದೇ ಕೋನದಲ್ಲಿ, ಒಂದೇ ದಿಕ್ಕಿಗೆ ಬೀಳಬೇಕು. ಪೆಪ್ಟೈಡ್ ಕೊಂಡಿ ಚಪ್ಪಟೆಯಾಗಿಯೇ ಇರಬೇಕು. ಒಂದು ಸುತ್ತಿನ ಹೈಡ್ರೋಜನ್ ಮುಂದಿನ ಸುತ್ತಿನ ಆಮ್ಲಜನಕಕ್ಕೆ ಸರಿಯಾದ ದೂರದಲ್ಲಿ ಎದುರಾಗಬೇಕು. ಮಡಿಕೆಯ ಕೋನವನ್ನು ಹೆಚ್ಚುಕಡಿಮೆ ಮಾಡುತ್ತ ಹೋದಂತೆ ಕಾಗದ ಕೊಳವೆಯಾಗಿ ಸುತ್ತಿಕೊಂಡು ಹೈಡ್ರೋಜನ್ ಬಂಧಗಳು ತಾವಾಗಿ ಕೂಡಿಕೊಂಡವು. 1937ರಲ್ಲಿ ಬೇಸಿಗೆಯಿಡೀ ಕುಳಿತರೂ ಆಗದ್ದು ಈ ಸಲ ಕೆಲವೇ ಗಂಟೆಗಳಲ್ಲಿ ಆಯಿತು.

ಆ ಸುರುಳಿಯಲ್ಲಿ ಒಂದು ವಿಚಿತ್ರವಿತ್ತು. ಒಂದು ಸುತ್ತಿಗೆ ಮೂರೋ ನಾಲ್ಕೋ ಅಮೈನೋ ಆಮ್ಲಗಳಿರುವ ಬದಲು ಸುಮಾರು 3.6 ಇದ್ದವು. ಸ್ಫಟಿಕಶಾಸ್ತ್ರದಲ್ಲಿ ಪಳಗಿದವರಿಗೆ ಇದು ಒಗ್ಗದ ವಿಚಾರ. ಅವರ ಸಮ್ಮಿತಿಯ ಲೆಕ್ಕವೆಲ್ಲ ಪೂರ್ಣಾಂಕಗಳಲ್ಲಿ ನಡೆಯುತ್ತದೆ. ಅಣುವೊಂದು ತನ್ನಷ್ಟಕ್ಕೆ ಸುತ್ತಿಕೊಳ್ಳುವಾಗ ಪೂರ್ಣಾಂಕದ ಹಂಗು ಏಕೆ ಎಂದು ಪಾಲಿಂಗ್ ಕೇಳಿಕೊಂಡ. ಆದರೆ ಇನ್ನೊಂದು ತೊಡಕನ್ನು ದಾಟಲಾಗಲಿಲ್ಲ. ಸುತ್ತಿನಿಂದ ಸುತ್ತಿಗೆ ಅಂತರ 5.4 ಆಂಗ್‌ಸ್ಟ್ರಾಂ ಬರುತ್ತಿತ್ತು. ಆಸ್ಟ್‌ಬರಿಯ ಅಂಕಿ 5.1. ಎಷ್ಟು ತಿರುಚಿದರೂ ಆ 0.3 ಹೋಗಲಿಲ್ಲ. ಪಾಲಿಂಗ್ ಮೌನವಾದ. ಕೇಂಬ್ರಿಜ್‌ಗೆ ಹೋಗಿ ಮ್ಯಾಕ್ಸ್ ಪೆರುಟ್ಜ್ ತೋರಿಸಿದ ಹೀಮೋಗ್ಲೋಬಿನ್ ಚಿತ್ರಗಳನ್ನು ನೋಡಿದಾಗಲೂ ತನ್ನ ಸುರುಳಿಯ ಬಗ್ಗೆ ಬಾಯಿಬಿಡಲಿಲ್ಲ.

ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಲಾರೆನ್ಸ್ ಬ್ರ್ಯಾಗ್, ಪೆರುಟ್ಜ್ ಮತ್ತು ಜಾನ್ ಕೆಂಡ್ರೂ ಇದೇ ಒಗಟನ್ನು ಬಿಡಿಸುತ್ತಿದ್ದರು. ಬ್ರ್ಯಾಗ್‌ಗೆ ಪಾಲಿಂಗ್ ಹಳೆಯ ಎದುರಾಳಿ. ಸಿಲಿಕೇಟ್ ಖನಿಜಗಳ ರಚನೆಯ ನಿಯಮಗಳನ್ನು 1929ರಲ್ಲಿ ಪಾಲಿಂಗ್ ಮೊದಲು ಪ್ರಕಟಿಸಿದ್ದು ಅವನಿಗೆ ಮರೆತಿರಲಿಲ್ಲ. ಬ್ರ್ಯಾಗ್ ಒಂದು ಪೊರಕೆಯ ಕೋಲಿಗೆ ಸುರುಳಿಯಾಗಿ ಮೊಳೆ ಹೊಡೆದು, ಸುತ್ತಿನ ಅಂತರ 5.1 ಸೆಂಟಿಮೀಟರ್ ಇಟ್ಟು ಮಾದರಿ ಮಾಡಿದ. ಮೂವರೂ ಸೇರಿ 1950ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಸಾಧ್ಯವಿರುವ ಆಕಾರಗಳನ್ನೆಲ್ಲ ಸಾಲಾಗಿ ವಿವರಿಸಿದ ಉದ್ದನೆಯ ಪ್ರಬಂಧ ಪ್ರಕಟಿಸಿದರು. ಯಾವುದು ಸರಿ ಎಂದು ಅವರಿಗೆ ಹೇಳಲಾಗಲಿಲ್ಲ. ಹೇಳಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಸರಿಯಾದ ಆಕಾರ ಆ ಪಟ್ಟಿಯಲ್ಲೇ ಇರಲಿಲ್ಲ. ಸುತ್ತಿಗೆ ಪೂರ್ಣಾಂಕದಷ್ಟೇ ಅಮೈನೋ ಆಮ್ಲಗಳಿರಬೇಕು ಎಂದು ಅವರು ಹಿಡಿದಿದ್ದರು. ಪೆಪ್ಟೈಡ್ ಕೊಂಡಿ ತಿರುಗಬಲ್ಲದು ಎಂದೂ ಭಾವಿಸಿದ್ದರು. ಕೊಂಡಿ ಚಪ್ಪಟೆಯಾಗಿರುತ್ತದೆ ಎಂಬುದು ಅದೇ ಊರಿನ ರಸಾಯನ ವಿಭಾಗದಲ್ಲಿದ್ದ ಅಲೆಕ್ಸಾಂಡರ್ ಟಾಡ್‌ಗೆ ತಿಳಿದಿತ್ತು. ಬ್ರ್ಯಾಗ್ ಮೊದಲೇ ಕೇಳಿದ್ದರೆ ಒಂದು ಮಾತಿನಲ್ಲಿ ಹೇಳಿಬಿಡಬಹುದಾಗಿದ್ದ ಸಂಗತಿ ಅದು. ಮೂವರು ಅಸಾಧಾರಣ ವಿಜ್ಞಾನಿಗಳ ಸೋಲಿಗೆ ಪಕ್ಕದ ಕಟ್ಟಡದವರನ್ನು ಕೇಳದೇ ಹೋದದ್ದು ಕಾರಣವಾಯಿತು.

ಕ್ಯಾಲ್ಟೆಕ್‌ಗೆ ಮರಳಿದ ಪಾಲಿಂಗ್ ತನ್ನ ಸುರುಳಿಯ ಲೆಕ್ಕವನ್ನು ಬಿಗಿಯಾಗಿ ಪರಿಶೀಲಿಸುವ ಕೆಲಸವನ್ನು ಹರ್ಮನ್ ಬ್ರಾನ್ಸನ್‌ಗೆ ಒಪ್ಪಿಸಿದ. ಬ್ರಾನ್ಸನ್ ಹೊವರ್ಡ್ ವಿಶ್ವವಿದ್ಯಾಲಯದ ಆಫ್ರಿಕನ್-ಅಮೆರಿಕನ್ ಭೌತವಿಜ್ಞಾನಿ, ರಜೆಯ ಮೇಲೆ ಕ್ಯಾಲ್ಟೆಕ್‌ಗೆ ಬಂದಿದ್ದವನು. ಚಪ್ಪಟೆ ಕೊಂಡಿ, ಗರಿಷ್ಠ ಹೈಡ್ರೋಜನ್ ಬಂಧಗಳು ಎಂಬ ನಿಬಂಧನೆಗಳಿಗೆ ಎರಡು ಸುರುಳಿಗಳು ಮಾತ್ರ ಹೊಂದುತ್ತವೆ ಎಂದು ಲೆಕ್ಕ ತೋರಿಸಿತು: ಸುತ್ತಿಗೆ ಸುಮಾರು 3.7 ಅಮೈನೋ ಆಮ್ಲಗಳಿರುವ ಆಲ್ಫಾ, 5.1 ಇರುವ ಗಾಮಾ. ಗಾಮಾ ಸುರುಳಿ ಪ್ರಕೃತಿಯಲ್ಲಿ ಕಂಡುಬರಲಿಲ್ಲ. ಈ ಮಧ್ಯೆ ಬ್ರಿಟನ್ನಿನ ಕೋರ್ಟಾಲ್ಡ್ಸ್ ಕಂಪನಿಯ ವಿಜ್ಞಾನಿಗಳು ಪ್ರಯೋಗಾಲಯದಲ್ಲೇ ತಯಾರಿಸಿದ ಕೃತಕ ಪೆಪ್ಟೈಡ್ ಎಳೆಗಳ ಕ್ಷ-ಕಿರಣ ಚಿತ್ರಗಳು ಹೊರಬಂದವು. ಅವುಗಳಲ್ಲಿ 5.1ರ ಗುರುತೇ ಇರಲಿಲ್ಲ. ಹಾಗಾದರೆ 5.1 ಎಂಬುದು ಸರಪಳಿಯ ಮೂಲಗುಣವಲ್ಲ, ಕೂದಲು-ಉಣ್ಣೆಗಳ ಯಾವುದೋ ವಿಶೇಷ ಎಂದು ಪಾಲಿಂಗ್‌ಗೆ ಧೈರ್ಯ ಬಂತು. 1950ರ ಕೊನೆಗೆ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾಯಿತು. ಪಾಲಿಂಗ್, ಕೋರಿ, ಬ್ರಾನ್ಸನ್ ಮೂವರ ಹೆಸರಿನ ಪೂರ್ಣ ಪ್ರಬಂಧ 1951ರ ಫೆಬ್ರುವರಿ 28ರಂದು, ಪಾಲಿಂಗ್‌ನ ಐವತ್ತನೆಯ ಹುಟ್ಟುಹಬ್ಬದ ದಿನ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗೆ ಹೋಯಿತು. ಏಪ್ರಿಲ್ ಸಂಚಿಕೆಯಲ್ಲಿ ಅಚ್ಚಾಯಿತು. ಮೇ ಸಂಚಿಕೆಯಲ್ಲಿ ಪಾಲಿಂಗ್ ಮತ್ತು ಕೋರಿ ಮತ್ತೆ ಏಳು ಪ್ರಬಂಧಗಳನ್ನು ಒಟ್ಟಿಗೆ ಪ್ರಕಟಿಸಿದರು.

ಈ ಶೋಧದ ಶ್ರೇಯಸ್ಸು ಯಾರಿಗೆಷ್ಟು ಎಂಬ ಚರ್ಚೆ ಬಹಳ ಕಾಲದ ಮೇಲೆ ಎದ್ದಿತು. ತನ್ನ ಪಾತ್ರ ಪ್ರಬಂಧದಲ್ಲಿ ಕಾಣುವುದಕ್ಕಿಂತ ದೊಡ್ಡದು ಎಂಬ ಅರ್ಥ ಬರುವಂತೆ ಬ್ರಾನ್ಸನ್ 1984ರಲ್ಲಿ ಪಾಲಿಂಗ್‌ನ ಜೀವನಚರಿತ್ರೆ ಬರೆಯುತ್ತಿದ್ದವರಿಗೆ ಪತ್ರ ಬರೆದ. ಸುರುಳಿಯ ಕಲ್ಪನೆ ಆಕ್ಸ್‌ಫರ್ಡ್‌ನ ಹಾಸಿಗೆಯ ಮೇಲೆ ಹುಟ್ಟಿತು ಎಂಬುದು ಪಾಲಿಂಗ್‌ನ ನಿರಂತರ ಹೇಳಿಕೆ. ಇತಿಹಾಸಕಾರರಲ್ಲಿ ಹೆಚ್ಚಿನವರು ಅದನ್ನೇ ಒಪ್ಪಿದ್ದಾರೆ. ಆದರೂ ಎರಡೇ ಸುರುಳಿಗಳು ಸಾಧ್ಯ ಎಂದು ಲೆಕ್ಕದಿಂದ ಸ್ಥಾಪಿಸಿದ ಕೆಲಸ ಚಿಕ್ಕದಲ್ಲ. ಪಾಲಿಂಗ್-ಕೋರಿ ಎಂದು ಎರಡೇ ಹೆಸರು ಹೇಳಿ ಮುಗಿಸುವ ಪಠ್ಯಪುಸ್ತಕಗಳು ಬ್ರಾನ್ಸನ್‌ಗೆ ಅನ್ಯಾಯ ಮಾಡುತ್ತವೆ.

ಮೇ ತಿಂಗಳ ಪ್ರಬಂಧಗಳಲ್ಲಿ ಬೀಟಾ ರೂಪದ ಉತ್ತರವೂ ಇತ್ತು. ಆಲ್ಫಾದಲ್ಲಿ ಸರಪಳಿ ತನ್ನೊಡನೆ ತಾನೇ ಬಂಧ ಕಟ್ಟಿಕೊಳ್ಳುತ್ತದೆ: ಪ್ರತಿ ಕೊಂಡಿಯ ಆಮ್ಲಜನಕ ನಾಲ್ಕು ಅಮೈನೋ ಆಮ್ಲಗಳಾಚೆಯ ಹೈಡ್ರೋಜನ್ನನ್ನು ಹಿಡಿಯುತ್ತದೆ. ಬೀಟಾದಲ್ಲಿ ಸರಪಳಿ ಬಿಚ್ಚಿಕೊಂಡು ಪಕ್ಕದ ಸರಪಳಿಯ ಕೈ ಹಿಡಿಯುತ್ತದೆ. ಹೀಗೆ ಸಾಲಾಗಿ ನಿಂತ ಎಳೆಗಳು ಸೇರಿ ಹಾಳೆಯಾಗುತ್ತವೆ, ಮತ್ತು ನಡುವಿನ ಇಂಗಾಲಗಳಲ್ಲಿ ಬರುವ ಬಾಗಿನಿಂದ ಆ ಹಾಳೆ ಸೀರೆಯ ನೆರಿಗೆಯ ಹಾಗೆ ಏರಿಳಿಯುತ್ತದೆ. ಪಕ್ಕಪಕ್ಕದ ಎಳೆಗಳು ಒಂದೇ ದಿಕ್ಕಿಗೆ ಹರಿಯಬಹುದು, ಎದುರುಬದುರಾಗಿಯೂ ಹರಿಯಬಹುದು. ರೇಷ್ಮೆ ಎದುರುಬದುರಿನ ಬಗೆಯದು. ರೇಷ್ಮೆಯ ಎಳೆ ಬಲವಾಗಿದ್ದೂ ಉಣ್ಣೆಯಂತೆ ಹಿಗ್ಗದಿರಲು ಇದೇ ಕಾರಣ. ಅದರ ಸರಪಳಿಗಳು ಆಗಲೇ ಪೂರ್ತಿ ಚಾಚಿಕೊಂಡಿವೆ.

ಪೆರುಟ್ಜ್ ಈ ಪ್ರಬಂಧಗಳನ್ನು ಓದಿದ್ದು ಒಂದು ಶನಿವಾರ ಬೆಳಿಗ್ಗೆ. ತಾವು ತಪ್ಪಿಸಿಕೊಂಡದ್ದು ಎಷ್ಟು ಸರಳವಾದದ್ದು ಎಂದು ಕಂಡು ಅವನಿಗೆ ಆಘಾತವಾಯಿತು. ಸೈಕಲ್ಲಿನಲ್ಲಿ ಮನೆಗೆ ಹೋಗಿ ಊಟ ಮಾಡುವಾಗಲೂ ಅದೇ ಯೋಚನೆ. ಪಾಲಿಂಗ್ ಹೇಳಿದಂತೆ 5.4 ಆಂಗ್‌ಸ್ಟ್ರಾಂನ ಒಂದು ಸುತ್ತಿನಲ್ಲಿ 3.6 ಅಮೈನೋ ಆಮ್ಲಗಳಿದ್ದರೆ, ಒಂದೊಂದೂ ಸುರುಳಿಯ ಅಕ್ಷದ ಗುಂಟ 1.5 ಆಂಗ್‌ಸ್ಟ್ರಾಂ ಮೇಲೇರಬೇಕು. ಅಂದರೆ ಕ್ಷ-ಕಿರಣ ಚಿತ್ರದಲ್ಲಿ 1.5ರ ಗುರುತು ಇರಲೇಬೇಕು. ಆಸ್ಟ್‌ಬರಿಯ ಚಿತ್ರಗಳಲ್ಲಿ ಅದು ಏಕಿಲ್ಲ? ಲೀಡ್ಸ್‌ನಲ್ಲಿ ತಾನು ನೋಡಿದ್ದ ಉಪಕರಣ ಪೆರುಟ್ಜ್‌ಗೆ ನೆನಪಾಯಿತು. ಅಲ್ಲಿ ಎಳೆಯನ್ನು ಕಿರಣಕ್ಕೆ ನೇರ ಅಡ್ಡಲಾಗಿ ನಿಲ್ಲಿಸುತ್ತಿದ್ದರು, ಛಾಯಾಚಿತ್ರದ ಹಾಳೆಯೂ ಕಿರಿದಾಗಿತ್ತು. ಅಷ್ಟು ದೊಡ್ಡ ಕೋನಕ್ಕೆ ಸಿಡಿಯುವ ಚುಕ್ಕೆ ಆ ಹಾಳೆಯ ಮೇಲೆ ಬೀಳುವುದೇ ಸಾಧ್ಯವಿಲ್ಲ. ಪೆರುಟ್ಜ್ ಪ್ರಯೋಗಾಲಯಕ್ಕೆ ಮರಳಿ ಡ್ರಾಯರಿನಲ್ಲಿದ್ದ ಕುದುರೆ ಕೂದಲೊಂದನ್ನು ತೆಗೆದು, ಲೆಕ್ಕ ಹಾಕಿದ ಕೋನಕ್ಕೆ ಓರೆಯಾಗಿ ನಿಲ್ಲಿಸಿ, ಸುತ್ತಲೂ ಕೊಳವೆಯಾಕಾರದಲ್ಲಿ ಹಾಳೆ ಸುತ್ತಿ ಕಿರಣ ಹಾಯಿಸಿದ. ಒಂದೆರಡು ಗಂಟೆಗಳ ಮೇಲೆ ಹಾಳೆ ತೊಳೆದು ನೋಡಿದರೆ 1.5 ಆಂಗ್‌ಸ್ಟ್ರಾಂನ ಜಾಗದಲ್ಲಿ ದಟ್ಟವಾದ ಗುರುತು. ಪಾಲಿಂಗ್ ಸುರುಳಿಯ ಹೊರತು ಬೇರೆ ಯಾವ ಮಾದರಿಯೂ ಆ ಗುರುತನ್ನು ವಿವರಿಸಲಾರದು. ಮುಳ್ಳುಹಂದಿಯ ಮುಳ್ಳು, ಕೃತಕ ಪೆಪ್ಟೈಡ್, ಹೀಮೋಗ್ಲೋಬಿನ್ ಸ್ಫಟಿಕ ಎಲ್ಲದರಲ್ಲೂ ಅದೇ ಕಂಡಿತು. ಸೋಮವಾರ ಚಿತ್ರವನ್ನು ಬ್ರ್ಯಾಗ್‌ನ ಮುಂದಿಟ್ಟಾಗ, ಈ ಪ್ರಯೋಗ ನಿನಗೆ ಹೊಳೆದದ್ದು ಹೇಗೆ ಎಂದು ಅವನು ಕೇಳಿದ. ಆ ರಚನೆ ತನಗೇ ಹೊಳೆಯಲಿಲ್ಲವಲ್ಲ ಎಂಬ ಸಿಟ್ಟಿನಿಂದ ಎಂದು ಪೆರುಟ್ಜ್ ಉತ್ತರಿಸಿದ. ಹಾಗಿದ್ದರೆ ನಿನಗೆ ಮೊದಲೇ ಸಿಟ್ಟು ಬರಿಸಬೇಕಿತ್ತು ಎಂದು ಬ್ರ್ಯಾಗ್ ಹೇಳಿದನಂತೆ. ಎದುರಾಳಿಯ ಮಾದರಿ ಸರಿಯೆಂದು ತಾನೇ ಸಾಬೀತು ಮಾಡಿ, ಅದನ್ನು ಕೂಡಲೇ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪೆರುಟ್ಜ್‌ನ ಪ್ರಾಮಾಣಿಕತೆ ಈ ಇತಿಹಾಸದ ಅತ್ಯಂತ ಗೌರವಯುತ ಘಟನೆ.

5.1ರ ಒಗಟು ಮರುವರ್ಷ ಬಿಡಿಸಿಕೊಂಡಿತು. ಕೂದಲಿನಲ್ಲಿ ಆಲ್ಫಾ ಸುರುಳಿಗಳು ನೆಟ್ಟಗೆ ನಿಂತಿರುವುದಿಲ್ಲ. ಒಂದರ ಸುತ್ತ ಒಂದು ಹೊಸೆದುಕೊಂಡು ಅಕ್ಷಕ್ಕೆ ಸುಮಾರು 18 ಡಿಗ್ರಿ ವಾಲಿರುತ್ತವೆ. ವಾಲಿದ ಸುರುಳಿಯ 5.4 ಅಂತರ ಎಳೆಯ ಗುಂಟ ಅಳೆದಾಗ 5.1 ಆಗಿ ಕಾಣುತ್ತದೆ. 1952ರ ಕೊನೆಗೆ ಫ್ರಾನ್ಸಿಸ್ ಕ್ರಿಕ್, ಅವನ ಬೆನ್ನಿಗೇ 1953ರ ಆರಂಭದಲ್ಲಿ ಪಾಲಿಂಗ್ ಮತ್ತು ಕೋರಿ ಇದನ್ನು ಪ್ರಕಟಿಸಿದರು; ಯಾರು ಮೊದಲು ಎಂಬ ಕಸಿವಿಸಿ ಎರಡೂ ಕಡೆ ಉಳಿಯಿತು. 1952ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪ್ರೋಟೀನ್ ರಚನೆಯ ಬಗ್ಗೆಯೇ ಸಭೆ ಕರೆದಿತ್ತು. ಪಾಲಿಂಗ್‌ನ ರಾಜಕೀಯ ನಿಲುವುಗಳ ಕಾರಣಕ್ಕೆ ಅಮೆರಿಕ ಸರ್ಕಾರ ಅವನಿಗೆ ಪಾಸ್‌ಪೋರ್ಟ್ ಕೊಡಲಿಲ್ಲ. 1954ರಲ್ಲಿ ಅವನಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅಷ್ಟರೊಳಗೆ ಆಲ್ಫಾ ಸುರುಳಿಯ ಪಾಠವನ್ನು ಬೇರೆಯವರು ಕಲಿತಿದ್ದರು. ಬಂಧಗಳ ನಿಯಮ ಹಿಡಿದು ಮಾದರಿ ಕಟ್ಟು, ಆಮೇಲೆ ಕ್ಷ-ಕಿರಣ ಚಿತ್ರದೊಂದಿಗೆ ತಾಳೆ ನೋಡು ಎಂಬ ಅದೇ ದಾರಿಯಲ್ಲಿ, ಸುರುಳಿಗಳು ಮೂಡಿಸುವ ಚುಕ್ಕೆಗಳ ಗಣಿತವನ್ನೂ ಬಳಸಿ, ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಡಿಎನ್‌ಎ ಜೋಡಿಸುರುಳಿಯನ್ನು ತಲುಪಿದರು. ಪಾಲಿಂಗ್ ಅದೇ ವರ್ಷ ಡಿಎನ್‌ಎಗೆ ಮೂರೆಳೆಯ ತಪ್ಪು ಮಾದರಿ ಕೊಟ್ಟಿದ್ದ.

ಅಮೈನೋ ಆಮ್ಲಗಳ ಅನುಕ್ರಮ ಪ್ರಾಥಮಿಕ ರಚನೆ, ಸರಪಳಿಯ ಸುರುಳಿ ಮತ್ತು ಹಾಳೆಗಳು ದ್ವಿತೀಯ ರಚನೆ, ಇಡೀ ಅಣುವಿನ ಮಡಿಕೆ ತೃತೀಯ ರಚನೆ ಎಂಬ ವಿಂಗಡಣೆಯನ್ನು ಕೊಟ್ಟವನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕಾಯ್ ಲಿಂಡರ್‌ಸ್ಟ್ರೋಮ್-ಲಾಂಗ್, 1951ರ ತನ್ನ ಸ್ಟ್ಯಾನ್‌ಫರ್ಡ್ ಉಪನ್ಯಾಸಗಳಲ್ಲಿ. ಎಳೆಗಳಲ್ಲಿ ಕಂಡ ಸುರುಳಿ ಗುಂಡಗಿನ ಪ್ರೋಟೀನುಗಳಲ್ಲೂ ಇದೆಯೇ ಎಂಬ ಸಂಶಯ ಮಾತ್ರ ಇನ್ನೂ ಇತ್ತು. ತಿಮಿಂಗಿಲದ ಸ್ನಾಯುವಿನ ಮಯೋಗ್ಲೋಬಿನ್ ರಚನೆಯನ್ನು ಕೆಂಡ್ರೂ 1958ರಲ್ಲಿ ಮಸುಕಾಗಿ, 1960ರಲ್ಲಿ ಸ್ಪಷ್ಟವಾಗಿ ತೋರಿಸಿದಾಗ ಆ ಸಂಶಯ ತೀರಿತು. ಅದರ 153 ಅಮೈನೋ ಆಮ್ಲಗಳಲ್ಲಿ ಮುಕ್ಕಾಲು ಪಾಲು ಎಂಟು ಆಲ್ಫಾ ಸುರುಳಿಗಳಲ್ಲಿ ಕುಳಿತಿದ್ದವು. ಸುರುಳಿ ಬಲಗಡೆಗೆ ತಿರುಗುತ್ತದೆ ಎಂಬುದೂ ಖಚಿತವಾಯಿತು. 1951ರ ಪ್ರಬಂಧದ ಚಿತ್ರದಲ್ಲಿ ಅದು ಎಡಗಡೆಗಿತ್ತು. ಕೆಂಡ್ರೂ ಮತ್ತು ಪೆರುಟ್ಜ್‌ಗೆ 1962ರ ನೊಬೆಲ್ ಬಂತು.

ಪಾಲಿಂಗ್ ಕೈಗೆ ಸಿಗದ ಒಂದು ಪ್ರೋಟೀನ್ ಇತ್ತು: ಚರ್ಮ, ಮೂಳೆ, ಸ್ನಾಯುರಜ್ಜುಗಳ ಕೊಲಾಜೆನ್. 1951ರ ಏಳು ಪ್ರಬಂಧಗಳಲ್ಲಿ ಅದಕ್ಕೆ ಕೊಟ್ಟ ರಚನೆ ತಪ್ಪಾಗಿತ್ತು. ಸರಿಯಾದ ದಾರಿ ತೆರೆದದ್ದು ಮದ್ರಾಸಿನಲ್ಲಿ. ಎರ್ನಾಕುಲಂನಲ್ಲಿ 1922ರಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದರು. ಅಲ್ಲಿದ್ದ ಸಿ. ವಿ. ರಾಮನ್ ಈ ವಿದ್ಯಾರ್ಥಿಯನ್ನು ತಮ್ಮ ಭೌತವಿಜ್ಞಾನ ವಿಭಾಗಕ್ಕೆ ಕರೆದುಕೊಂಡರು. ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಮುಗಿಸಿ ಬೆಂಗಳೂರಿಗೆ ಮರಳಿದ ರಾಮಚಂದ್ರನ್, 1952ರಲ್ಲಿ ರಾಮನ್ ಶಿಫಾರಸಿನ ಮೇಲೆ ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಆಗಿನ್ನೂ ಮೂವತ್ತರ ಹರೆಯ. ಮದ್ರಾಸಿಗೆ ಬಂದಿದ್ದ ಬರ್ನಾಲ್, ಕೊಲಾಜೆನ್ ರಚನೆ ಇನ್ನೂ ಬಗೆಹರಿದಿಲ್ಲ ಎಂದು ಮಾತಿನ ನಡುವೆ ಹೇಳಿದ. ಹತ್ತಿರದಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಅಲ್ಲಿಂದ ಸಿಕ್ಕ ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಳೆಗಳಿಂದ ಒಳ್ಳೆಯ ಕ್ಷ-ಕಿರಣ ಚಿತ್ರಗಳು ದೊರೆತವು.

ಕೊಲಾಜೆನ್‌ನಲ್ಲಿ ಮೂರರಲ್ಲೊಂದು ಅಮೈನೋ ಆಮ್ಲ ಗ್ಲೈಸೀನ್, ಎಲ್ಲಕ್ಕಿಂತ ಚಿಕ್ಕದು. ಪ್ರತಿ ಮೂರನೆಯ ಸ್ಥಾನದಲ್ಲೂ ಗ್ಲೈಸೀನೇ ಇದ್ದರೆ, ಮೂರು ಸರಪಳಿಗಳು ಒಂದಕ್ಕೊಂದು ಒತ್ತಿ ನಿಲ್ಲಲು ಒಳಗಡೆ ಜಾಗವಾಗುತ್ತದೆ ಎಂದು ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತಾ ತರ್ಕಿಸಿದರು. 1954ರಲ್ಲಿ ನೇಚರ್‌ನಲ್ಲಿ ಅವರ ಮೂರೆಳೆ ಸುರುಳಿ ಪ್ರಕಟವಾಯಿತು. 1955ರಲ್ಲಿ ಮೂರೂ ಎಳೆಗಳು ಒಂದರ ಸುತ್ತ ಒಂದು ಹೊಸೆದುಕೊಂಡ ತಿದ್ದಿದ ರೂಪ ಬಂತು. ಅದೇ ವರ್ಷ ಅಲೆಕ್ಸಾಂಡರ್ ರಿಚ್ ಮತ್ತು ಕ್ರಿಕ್ ಆಕ್ಷೇಪ ಎತ್ತಿದರು. ಮೂರು ಅಮೈನೋ ಆಮ್ಲಗಳಿಗೆ ಎರಡು ಹೈಡ್ರೋಜನ್ ಬಂಧ ಬೇಕೆಂದು ಹೋದರೆ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬರುತ್ತವೆ, ಬಂಧ ಒಂದೇ ಸಾಕು ಎಂಬುದು ಅವರ ವಾದ. ಮುಂದಿನ ಸ್ಫಟಿಕ ಅಧ್ಯಯನಗಳು ನೇರ ಬಂಧದ ಮಟ್ಟಿಗೆ ರಿಚ್ ಮತ್ತು ಕ್ರಿಕ್ ಪರವಾಗಿಯೇ ಬಂದವು. ಮೂರೆಳೆಯ ಮೂಲ ವಿನ್ಯಾಸ ಮದ್ರಾಸಿನದೇ ಉಳಿಯಿತು.

ಆ ಆಕ್ಷೇಪ ರಾಮಚಂದ್ರನ್‌ರನ್ನು ಹೆಚ್ಚು ಫಲವತ್ತಾದ ಪ್ರಶ್ನೆಯತ್ತ ತಿರುಗಿಸಿತು. ಪರಮಾಣುಗಳು ಎಷ್ಟು ಹತ್ತಿರ ಬರಬಹುದು? ಅಲ್ಲಿಯವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿ ಅವರ ತಂಡ ಪಟ್ಟಿ ಮಾಡಿತು: ಎರಡು ಇಂಗಾಲಗಳ ನಡುವೆ ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಂಗಿಂತ ಕಡಿಮೆ ಇಲ್ಲ, ಅತಿ ಎಂದರೆ 3.0, ಎರಡು ಹೈಡ್ರೋಜನ್‌ಗಳ ನಡುವೆ 2.0, ಅತಿ ಎಂದರೆ 1.9. ಕೊಂಡಿ ಚಪ್ಪಟೆಯಾದ್ದರಿಂದ ಸರಪಳಿಯ ಆಕಾರ ನಡುವಿನ ಇಂಗಾಲದ ಎರಡು ಬದಿಯ ತಿರುವುಗಳ ಮೇಲಷ್ಟೇ ನಿಂತಿದೆ. ಆ ಎರಡು ಕೋನಗಳಿಗೆ ಈಗ ಫೈ, ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರು. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಲಂಬಕ್ಕೆ ಇಟ್ಟು ಚೌಕ ಬರೆದು, ಒಂದೊಂದು ಬಿಂದುವಿನಲ್ಲೂ ಪರಮಾಣುಗಳು ಡಿಕ್ಕಿಯಾಗುತ್ತವೆಯೇ ಎಂದು ಮೇಜಿನ ಮೇಲಿನ ಲೆಕ್ಕಯಂತ್ರದಲ್ಲಿ ಗುಣಿಸಿ ನೋಡಿದರು. ಚೌಕದ ಸುಮಾರು ಮುಕ್ಕಾಲು ಭಾಗ ನಿಷಿದ್ಧ ಎಂದು ಬಂತು. ಉಳಿದ ಪುಟ್ಟ ದ್ವೀಪಗಳಲ್ಲಿ ಆಲ್ಫಾ ಸುರುಳಿ, ಬೀಟಾ ಹಾಳೆ, ಕೊಲಾಜೆನ್ ಎಲ್ಲವೂ ಬಂದು ಕುಳಿತವು. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಮೂವರ ಈ ಪ್ರಬಂಧ 1963ರಲ್ಲಿ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಐದೇ ಪುಟಗಳಲ್ಲಿ ಪ್ರಕಟವಾಯಿತು.

ಆಸ್ಟ್‌ಬರಿ ಎಳೆಗಳಿಂದ, ಪಾಲಿಂಗ್ ಹೈಡ್ರೋಜನ್ ಬಂಧಗಳಿಂದ ಹೊರಟು ಒಂದೊಂದು ಆಕಾರ ಹುಡುಕಿದ್ದರು. ಮದ್ರಾಸಿನವರು ಆಗಲಾರದ್ದನ್ನೆಲ್ಲ ಮೊದಲು ತೆಗೆದುಹಾಕಿದರು. ಅದಕ್ಕೆ ಹೈಡ್ರೋಜನ್ ಬಂಧವನ್ನೂ ಲೆಕ್ಕಕ್ಕೆ ತರಬೇಕಾಗಲಿಲ್ಲ. ದ್ವಿತೀಯ ರಚನೆ ಇಷ್ಟೇ ಬಗೆಗಳಲ್ಲಿ ಏಕೆ ಇದೆ ಎಂಬ ಪ್ರಶ್ನೆಗೆ ಇದಕ್ಕಿಂತ ಆಳವಾದ ಉತ್ತರ ಇನ್ನೊಂದು ಬಂದಿಲ್ಲ. 1968ರಲ್ಲಿ ಅದೇ ಬಳಗದ ಸಿ. ಎಂ. ವೆಂಕಟಾಚಲಂ, ಸರಪಳಿ ನಾಲ್ಕು ಅಮೈನೋ ಆಮ್ಲಗಳೊಳಗೆ ಹಿಂದಕ್ಕೆ ಹೊರಳುವ ಬೀಟಾ ತಿರುವುಗಳನ್ನು ವರ್ಗೀಕರಿಸಿದರು. 1971ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ರಾಮಚಂದ್ರನ್ ನೇತೃತ್ವದಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಆರಂಭವಾಯಿತು. ರಾಮಕೃಷ್ಣನ್ ಮತ್ತು ಶಶಿಶೇಖರನ್ ಕೂಡ ಅಲ್ಲಿಗೆ ಬಂದರು. ಕಡಲೆಕಾಯಿಯ ಲೆಕ್ಟಿನ್ ಎಂಬ, ಬೀಟಾ ಹಾಳೆಗಳೇ ತುಂಬಿದ ಪ್ರೋಟೀನಿನ ರಚನೆಯನ್ನು ಎಂ. ವಿಜಯನ್ ಅವರ ತಂಡ 1994ರಲ್ಲಿ ಬಿಡಿಸಿದ್ದು ಇಲ್ಲೇ. ರಾಮಚಂದ್ರನ್‌ರಿಗೆ ನೊಬೆಲ್ ಬರಲಿಲ್ಲ. 2001ರಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ಜಗತ್ತಿನ ಪ್ರೋಟೀನ್ ದತ್ತಾಂಶ ಭಂಡಾರಕ್ಕೆ ಇಂದು ಯಾರೇ ಹೊಸ ರಚನೆ ಸಲ್ಲಿಸಿದರೂ, ಅದರ ಎಷ್ಟು ಕೋನಗಳು ರಾಮಚಂದ್ರನ್ ನಕ್ಷೆಯ ನಿಷಿದ್ಧ ಭಾಗದಲ್ಲಿ ಬಿದ್ದಿವೆ ಎಂಬ ತಪಾಸಣೆ ನಡೆಯುತ್ತದೆ.

ಅನುಕ್ರಮ ನೋಡಿ ಸುರುಳಿ, ಹಾಳೆಗಳನ್ನು ಊಹಿಸುವ ಪ್ರಯತ್ನಗಳು 1970ರ ದಶಕದಲ್ಲಿ ಪೀಟರ್ ಚೌ ಮತ್ತು ಜೆರಾಲ್ಡ್ ಫಾಸ್ಮನ್‌ರ ವಿಧಾನದಿಂದ ಜನಪ್ರಿಯವಾದವು. 2020ರಲ್ಲಿ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ವ್ಯವಸ್ಥೆ ಇಡೀ ಮಡಿಕೆಯನ್ನೇ ನಿಖರವಾಗಿ ಊಹಿಸಿ ತೋರಿಸಿತು, ಅದರ ರೂವಾರಿಗಳಿಗೆ 2024ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ವೈದ್ಯರಿಗೆ ದ್ವಿತೀಯ ರಚನೆ ಮುಖ್ಯವಾದದ್ದು ಇನ್ನೊಂದು ದಿಕ್ಕಿನಿಂದ. ಪ್ರಯಾನ್ ರೋಗಗಳಲ್ಲಿ ಬಹುಪಾಲು ಆಲ್ಫಾ ಸುರುಳಿಗಳಿದ್ದ ಪ್ರೋಟೀನ್ ಬೀಟಾ ರೂಪಕ್ಕೆ ಹೊರಳಿ, ತನ್ನ ನೆರೆಯ ಅಣುಗಳನ್ನೂ ಹಾಗೇ ಹೊರಳಿಸುತ್ತದೆ. ಆಲ್‌ಜೈಮರ್ ರೋಗಿಯ ಮೆದುಳಿನಿಂದ ತೆಗೆದ ಟೌ ತಂತುಗಳ ರಚನೆಯನ್ನು ಪೆರುಟ್ಜ್ ಕಟ್ಟಿದ ಕೇಂಬ್ರಿಜ್ ಪ್ರಯೋಗಾಲಯದವರು 2017ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಿಡಿಸಿದರು. ತಂತುವಿನ ಉದ್ದಕ್ಕೆ ಅಡ್ಡಲಾಗಿ ಮಲಗಿದ ಬೀಟಾ ಎಳೆಗಳು 4.7 ಆಂಗ್‌ಸ್ಟ್ರಾಂಗೆ ಒಂದರಂತೆ ಪೇರಿಸಿಕೊಂಡಿದ್ದವು. ಬೇಯಿಸಿದ ಮೊಟ್ಟೆಯ ಬಿಳಿಯಲ್ಲಿ ಆಸ್ಟ್‌ಬರಿ 1935ರಲ್ಲಿ ಗುರುತಿಸಿದ್ದ ಜೋಡಣೆ ಇದೇ ಬಗೆಯದು.